ಅರಿಶಿನ ಹಚ್ಚಿದ ಹಲಗೆ

ಬೇರೆಯವರು ಬರೆದ ಇಂಥ ಅನುಭವಗಳನ್ನು ಅರ್ಧಕ್ಕೇ ಓದಿ ಮಡಚಿಟ್ಟವನು ನಾನು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಪಿಲೆಯಲ್ಲಿ ಮಿಂದು, ನಂಜುಂಡೇಶ್ವರನಿಗೆ ಕೈಮುಗಿದು ಬಂದ ಮೇಲೆಯೇ ಉಳಿ ಹಿಡಿಯುವ ಮನೆಯಲ್ಲಿ ನಾನು ಹುಟ್ಟಿದೆ. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತೆ; ಅನಂತರ ತಂದೆಯ ಪಕ್ಕದಲ್ಲಿ ಕುಳಿತು ವೀಣೆ ಮಾಡುವುದನ್ನು ಕಲಿತೆ. ದೇವರ ವಿಷಯದಲ್ಲಿ ನನಗೆ ಎಂದೂ ಸಂಶಯ ಬಂದದ್ದಿಲ್ಲ. ಆದರೆ ದೇವರನ್ನು ನಂಬಿದವನು ಜನ ಹೇಳಿದ ಅಚ್ಚರಿಗಳನ್ನೆಲ್ಲ ನಂಬಬೇಕೆಂಬ ವಿಧಿಯೇನೂ ಇಲ್ಲವಷ್ಟೆ.

ವಾದ್ಯ ಮಾಡುವವರ ಬಳಿಗೆ ಅಂಥ ಅಚ್ಚರಿಗಳು ತಾವಾಗಿಯೇ ನಡೆದು ಬರುತ್ತವೆ. ಒಮ್ಮೆ ನಮ್ಮ ಊರಿನ ಮನೆಯೊಂದರವರು, ತಮ್ಮ ವೀಣೆ ದಿನವೂ ಸಂಜೆ ತಾನಾಗಿ ಗುಂಯ್‌ಗುಡುತ್ತದೆಂದೂ, ತೀರಿಹೋದ ಅಜ್ಜಿಯೇ ಬಂದು ಮೀಟುತ್ತಾರೆಂದೂ ಹೇಳಿಕೊಂಡು ಬಂದರು. ನಾನು ಹೋಗಿ ಒಂದು ಸಂಜೆ ಕುಳಿತೆ. ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಶುರುವಾದ ಕ್ಷಣದಲ್ಲೇ ವೀಣೆಯ ಮಂದ್ರದ ತಂತಿ ನಡುಗತೊಡಗಿತು. ಗಿರಣಿಯ ಶ್ರುತಿಗೂ ತಂತಿಯ ಶ್ರುತಿಗೂ ಹೊಂದಿಕೆಯಾಗಿತ್ತು. ಬಿರಡೆಯನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದೆ. ಅಜ್ಜಿ ಮತ್ತೆ ಬರಲಿಲ್ಲ. ಮನೆಯವರಿಗೆ ಅದರಿಂದ ಸಂತೋಷಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು. ಈ ಕಥೆಯನ್ನು ನಾನು ಬಹಳ ವರ್ಷ ನಗುತ್ತ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಏಳು ವರ್ಷಗಳ ಹಿಂದಿನ ಮಾತು ಇದು. ಆಗ ನನಗೆ ಅರವತ್ತೊಂಬತ್ತು. ವೀಣೆ ಕೇಳಿಕೊಂಡು ಬರುವವರು ಕಡಿಮೆಯಾದ ಮೇಲೆ ನಾನು ಗಿಟಾರ್ ಮಾಡುವುದನ್ನು ಕಲಿತಿದ್ದೆ. ಮೊದಮೊದಲು ಮುರಿದವನ್ನು ಜೋಡಿಸಿಕೊಡುತ್ತಿದ್ದೆ. ಬಿಚ್ಚಿ ಜೋಡಿಸುವಾಗ ಅದರ ಒಳಗುಟ್ಟು ತಿಳಿಯಿತು. ವೀಣೆ ಮಾಡುವವನಿಗೆ ಗಿಟಾರ್ ಅನ್ಯವೇನೂ ಅಲ್ಲ. ಅದಕ್ಕೂ ಎದೆಯುಂಟು, ಬೆನ್ನುಂಟು, ತಂತಿ ಹೊರುವ ಕುದುರೆಯುಂಟು, ತಂತಿಯ ಕೆಳಗೆ ಸ್ವರಕ್ಕೊಂದರಂತೆ ಮನೆಗಳುಂಟು. ಮನೆಗಳನ್ನು ನಾವು ಮೇಣದಲ್ಲಿ ನಿಲ್ಲಿಸುತ್ತೇವೆ, ಅವರು ಮರದಲ್ಲಿ ಹೂಳುತ್ತಾರೆ.

ಆ ದಿನಗಳಲ್ಲಿ ನನಗೆ ಹತ್ತಿರವಾದವನು ಸಿದ್ದರಾಜು. ದೇವನೂರಿನ ಕೂಲಿಮಾಡುವ ಮನೆಯ ಮಗ. ಆಗ ನಲವತ್ತರ ಆಸುಪಾಸು. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಚರ್ಚಿನ ಸಂಗೀತದ ಮೇಷ್ಟ್ರೊಬ್ಬರ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಕಲಿತು, ದೊಡ್ಡವನಾದ ಮೇಲೆ ನಮ್ಮ ರಾಗಗಳನ್ನೂ ಅದರಲ್ಲಿ ಸಾಧಿಸಿದವನು. ಬುದ್ಧನಿಗೆ ದೀಪ ಹಚ್ಚುವ ಮನೆಯವನಾದರೂ, ನಾನು ನದಿಯಲ್ಲಿ ಮಿಂದು ಸಂಧ್ಯಾವಂದನೆ ಮುಗಿಸುವವರೆಗೆ ದಡದಲ್ಲಿ ಚಪ್ಪಲಿ ಬಿಟ್ಟು ನಿಂತು ನನ್ನ ಪಂಚೆ, ಕನ್ನಡಕ ಹಿಡಿದಿರುತ್ತಿದ್ದ. ಹಾಗೆ ನಿಲ್ಲಬೇಕೆಂದು ನಾನು ಒಮ್ಮೆಯೂ ಹೇಳಿದ್ದಿಲ್ಲ.

ಅವನು ತನಗೊಂದು ಗಿಟಾರ್ ಮಾಡಿಕೊಡಿರೆಂದು ಕೇಳಿದಾಗ ನನ್ನ ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಇದೇ ಕೊನೆಯ ವಾದ್ಯ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೆ. ಕೊನೆಯದು ಚೆನ್ನಾಗಿರಬೇಕೆಂಬ ಆಸೆ ಯಾರಿಗಿಲ್ಲ? ಆ ಆಸೆಯೇ ನನ್ನಿಂದ ಒಂದು ತಪ್ಪನ್ನು ಮಾಡಿಸಿತು.

ನಮ್ಮ ಮನೆತನದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಯಾರಾದರೂ ತಾಂಬೂಲ ತಂದಿಟ್ಟು ವಾದ್ಯ ಕೇಳಿದರೆ, ತಂದೆಯವರು ಒಳ್ಳೆಯ ಹಲಸಿನ ಮರವನ್ನು ಆರಿಸಿ, ಅದರ ಅಂಚಿಗೆ ಅರಿಶಿನ ಹಚ್ಚಿ ಅಟ್ಟಕ್ಕೇರಿಸುತ್ತಿದ್ದರು. ವಾದ್ಯ ನುಡಿಸುವವರು ಎಳೆಯರಾಗಿದ್ದರೆ, ಅವರ ಎಡಗೈಯನ್ನು ಅಗಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ದಾರವನ್ನು ಹಿಡಿದು, ಎರಡು ಕಡೆ ಗಂಟು ಹಾಕಿ, ಆ ದಾರವನ್ನು ಅದೇ ಮರಕ್ಕೆ ಕಟ್ಟುತ್ತಿದ್ದರು. ಅರಿಶಿನ ಬಿದ್ದ ಮರ ನಿಶ್ಚಿತಾರ್ಥವಾದ ಹೆಣ್ಣಿನಂತೆ. ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೇಳಿದವರೇ ಬಂದು ಬೇಡವೆಂದು ಬಿಟ್ಟುಕೊಟ್ಟರೆ ಮಾತ್ರ ಅದು ಬಿಡುಗಡೆ.

ನಮ್ಮ ಅಟ್ಟದಲ್ಲಿ ಅಂಥ ಒಂದು ಹಲಸಿನ ಹಲಗೆ, ನನಗೆ ತಿಳಿವಳಿಕೆ ಬಂದಾಗಿನಿಂದಲೂ, ಇತ್ತು. ಅದಕ್ಕೆ ಕಟ್ಟಿದ ದಾರವೂ ಇತ್ತು. ತಂದೆಯವರು ತೀರಿಕೊಂಡಾಗ ನನಗೆ ಇಪ್ಪತ್ತನಾಲ್ಕು ವರ್ಷ. ಅದು ಯಾರದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರವತ್ತು ವರ್ಷ ಅಟ್ಟದಲ್ಲಿ ಆರಿದ ಹಲಸು ಎಂದರೆ ಏನೆಂಬುದು ಬಲ್ಲವರಿಗೆ ಗೊತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತಿತ್ತು. ಸಿದ್ದರಾಜುವಿನ ಗಿಟಾರಿಗೆ ಮರ ಹುಡುಕುವಾಗ ಅದನ್ನು ಕೆಳಗಿಳಿಸಿದೆ. ಕೇಳಿದವರು ಇನ್ನೂ ಬದುಕಿದ್ದಾರೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ದಾರವನ್ನು ಬಿಚ್ಚಿ ಬಿರಡೆಗಳ ಡಬ್ಬಿಗೆ ಹಾಕಿದೆ. ಅರಿಶಿನದ ಅಂಚನ್ನು ಗರಗಸದಲ್ಲಿ ಕೊಯ್ದು ತೆಗೆದೆ. ಆ ತುಂಡು ಮರುದಿನ ಬಚ್ಚಲೊಲೆಗೆ ಹೋಯಿತು. ಆ ಹಲಗೆಯಿಂದಲೇ ಗಿಟಾರಿನ ಬೆನ್ನನ್ನೂ ಪಕ್ಕೆಗಳನ್ನೂ ಮಾಡಿದೆ. ಸಿದ್ದರಾಜುವಿಗೆ ಇದಾವುದನ್ನೂ ಹೇಳಲಿಲ್ಲ.

ವಾದ್ಯ ನೋಡಲು ಬಹಳ ಸುಂದರವಾಗಿ ಬಂತು. ನಾದವೂ ಜೇನಿನಂತಿತ್ತು. ಆದರೆ ಒಂದು ಸ್ವರ ಸತ್ತಿತ್ತು. ಸ ರಿ ಗ ಎನ್ನುವಾಗಿನ ಗಾಂಧಾರದಲ್ಲಿ ಮೂರು ಬಗೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಅಂತರ ಗಾಂಧಾರ, ಮೀಟಿದ ಕೂಡಲೇ ಟಪ್ಪೆಂದು ನಿಂತುಹೋಗುತ್ತಿತ್ತು. ಯಾವ ತಂತಿಯಲ್ಲಿ ನುಡಿಸಿದರೂ ಅದೇ ಸ್ಥಿತಿ. ಎಂದರೆ ದೋಷ ತಂತಿಯದಲ್ಲ, ಮನೆಯದಲ್ಲ, ಮರದ್ದು. ಇಂಥದು ವಾದ್ಯಗಳಲ್ಲಿ ಅಪರೂಪವೇನಲ್ಲ. ಒಳಪಟ್ಟಿಯನ್ನು ತೆಳುಮಾಡಿದರೆ, ಕುದುರೆ ಬದಲಿಸಿದರೆ, ಒಳಗೆ ಸರಿಯಾದ ಜಾಗದಲ್ಲಿ ಗುಲಗಂಜಿಯಷ್ಟು ಮೇಣ ಅಂಟಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಾನು ಎಲ್ಲವನ್ನೂ ಮಾಡಿದೆ. ಗಾಂಧಾರ ಏಳಲಿಲ್ಲ.

ಈ ನಡುವೆ ಸಿದ್ದರಾಜುವಿನ ಕಚೇರಿಗಳ ಪ್ರವಾಸ ಗೊತ್ತಾಗಿಹೋಗಿತ್ತು. ಸುಗ್ಗಿ ಮುಗಿದ ಹೊತ್ತು. ನಂಜನಗೂಡು, ಸುತ್ತೂರು, ದೇವನೂರು, ಮೂಗೂರು, ಕೊನೆಯಲ್ಲಿ ತಿರುಮಕೂಡಲು ನರಸೀಪುರ. ಹೊಸ ವಾದ್ಯ ಹೊರಗಿನ ಗಾಳಿಗೆ ಹೊಂದಿಕೊಳ್ಳುವವರೆಗೆ ಮಾಡಿದವನು ಜೊತೆಯಲ್ಲಿರುವುದು ಒಳ್ಳೆಯದೆಂದು ಸಿದ್ದರಾಜು ನನ್ನನ್ನು ಕರೆದ. ಅವನ ಹಳೆಯ ಓಮ್ನಿಯಲ್ಲಿ ಮುಂದೆ ನಾವಿಬ್ಬರು, ಹಿಂದೆ ಎರಡು ಗಿಟಾರುಗಳು. ಒಂದು ನನ್ನದು, ಇನ್ನೊಂದು ಅವನು ಇಪ್ಪತ್ತು ವರ್ಷ ನುಡಿಸಿದ ಕಾರ್ಖಾನೆಯ ಗಿಟಾರ್. ಅದನ್ನೇಕೆ ತಂದೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ನರಸೀಪುರದ ಕಚೇರಿಗೆ ಮೈಸೂರಿನಿಂದ ಸಂಗೀತ ಬಲ್ಲವರು ಹೊಸ ವಾದ್ಯವನ್ನು ಕೇಳಲೆಂದೇ ಬರುವವರಿದ್ದರು. ಅಲ್ಲಿ ಮೋಹನ ರಾಗ ನುಡಿಸಬೇಕೆಂಬುದು ಅವನ ಆಸೆ. ಗಾಂಧಾರವಿಲ್ಲದೆ ಮೋಹನವೆಲ್ಲಿ? ಅಷ್ಟರೊಳಗೆ ಸ್ವರ ಏಳದಿದ್ದರೆ ಅವನು ಹಳೆಯ ಗಿಟಾರನ್ನೇ ಎತ್ತಿಕೊಳ್ಳಬೇಕಾಗಿತ್ತು. ನನ್ನ ಕೈಯ ಕೊನೆಯ ಕೆಲಸ ಓಮ್ನಿಯಲ್ಲೇ ಉಳಿಯುತ್ತಿತ್ತು.

ಅವನು ಒಂದು ದಿನವೂ ನನ್ನನ್ನು ನೋಯಿಸಲಿಲ್ಲ. ಗಾಂಧಾರ ಬೇಡದ ರಾಗಗಳನ್ನು ಆರಿಸಿ ನುಡಿಸಿದ. ಪ್ರತಿ ಊರಿನಲ್ಲೂ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇದ ಮಾಡ್ದೋರು ಇವ್ರೇ, ನಂಜನಗೂಡಿನ ಆಚಾರ್ರು. ನಾನೇನಿದ್ರೂ ಕೆರ್ಕೊಂಡ್ ಕೂತಿರೋನು," ಎಂದು ಜನರನ್ನು ನಗಿಸುತ್ತಿದ್ದ. ಸುತ್ತೂರಿನಲ್ಲಿ ಕಚೇರಿ ಮುಗಿದ ಮೇಲೆ ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಾಗ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟು, "ಗಾಂಧಾರ ಸೀಮಂತಕ್ಕೆ ತವರ್ಗೋಗದೆ ಆಚಾರ್ರೇ. ಬತ್ತದೆ ಬುಡಿ," ಎಂದ. ನಾನು ನಕ್ಕೆ. ಮಲಗಿದ ಮೇಲೆ ನಗು ಉಳಿಯಲಿಲ್ಲ.

ದೇವನೂರಿನಲ್ಲಿ ಅವನ ತಾಯಿ ಚಿಕ್ಕತಾಯಮ್ಮ ಮೊದಲ ಸಾಲಿನಲ್ಲಿ ನೆಲದ ಮೇಲೆ ಕುಳಿತು ಕೇಳಿದರು. ಅಕ್ಷರ ಬಾರದವರು, ನಾಟಿ ಹಾಡುಗಳಲ್ಲಿ ಇಡೀ ಊರಿಗೆ ಮುಂದಾಳು. ಅಭ್ಯಾಸದ ವೇಳೆ ಮಗ ಆ ಸ್ವರವನ್ನು ಮುಟ್ಟಿದ್ದನ್ನು ಆಕೆ ಕೇಳಿಸಿಕೊಂಡಿದ್ದರು. ಮುದ್ದೆ ಬಡಿಸುತ್ತ ನನ್ನ ಕಡೆ ತಿರುಗಿ ಹೇಳಿದರು:

"ಬ್ಯಾಸ್ರ ಮಾಡ್ಕಬ್ಯಾಡಿ ಆಚಾರ್ರೇ. ನಿಮ್ ಪೆಟ್ಗೆ ಎಲ್ಲಾನೂ ಏಳ್ತದೆ, ಒಂದ್ ಮಾತ ಮಾತ್ರ ಒಟ್ಟೇಲೇ ಮಡಿಕತದೆ. ನಮ್ ಎಣ್ಮಕ್ಳಂಗೆ."

"ಅವ್ವ, ಸುಮ್ನಿರವ್ವ. ಅವ್ರು ಉಣ್ಲಿ," ಎಂದ ಸಿದ್ದರಾಜು.

"ನಾನೇನ್ಲಾ ಬೈದ್ನಾ? ಇರೋದ ಏಳ್ದೆ," ಎಂದು ಆಕೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ನಾನು ತಲೆಯೆತ್ತದೆ ಉಂಡು ಮುಗಿಸಿದೆ. ಹಲಗೆಯ ವಿಷಯ ನನ್ನೊಬ್ಬನಿಗೇ ಗೊತ್ತಿತ್ತು.

ಇನ್ನು ಮೂಗೂರಿನ ಸಂಗತಿ. ವಿಚಿತ್ರಗಳು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆಂದು ಓದುಗರು ಕೇಳಿರಬಹುದು. ನನಗೆ ಆದದ್ದು ಮಟಮಟ ಮಧ್ಯಾಹ್ನ, ಎರಡೂವರೆ ಗಂಟೆಗೆ, ಹೊಟ್ಟೆ ತುಂಬ ಅವರೆಕಾಳಿನ ಸಾರನ್ನ ಉಂಡ ಮೇಲೆ. ಕಚೇರಿ ಸಂಜೆ ಶಾಲೆಯ ಅಂಗಳದಲ್ಲಿ. ಅಲ್ಲಿಯವರೆಗೆ ಊಟಕ್ಕೂ ವಿಶ್ರಾಂತಿಗೂ ಶಾಲೆಯ ಪಕ್ಕದ ಮನೆಯೊಂದರಲ್ಲಿ ಏರ್ಪಾಡಾಗಿತ್ತು. ಮನೆಯ ಸೊಸೆ ಭಾಗ್ಯಮ್ಮ ಅಂಗನವಾಡಿಯಲ್ಲಿ ಕೆಲಸಮಾಡುವಾಕೆ, ಮಾತಿನ ಮಲ್ಲಿ. ಅತ್ತೆ ಗೌರಮ್ಮನವರಿಗೆ ಎಂಬತ್ತು ದಾಟಿತ್ತೋ ಏನೋ. ಕಣ್ಣು ಮಂಜಾಗಿ ಒಳಕೋಣೆಯ ಮಂಚದ ಮೇಲೆ ಮಲಗಿದ್ದರು. ನಾವು ಬಂದದ್ದು ಯಾವ ಊರಿನಿಂದ, ಯಾರು, ಏನು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಇದನ್ನು ನಾನು ಅನಂತರ ಭಾಗ್ಯಮ್ಮನನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಊಟವಾದ ಮೇಲೆ ಸಿದ್ದರಾಜು ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಗಿಟಾರಿನ ಶ್ರುತಿ ಸೇರಿಸತೊಡಗಿದ. ನಾಲ್ಕು ತಂತಿ ಮೀಟಿರಬಹುದು. ಒಳಕೋಣೆಯಿಂದ ಒಂದು ದನಿ ಬಂತು.

"ಬಂದ್ಬುಡ್ತಾ?"

ಭಾಗ್ಯಮ್ಮ ಒಳಗೆ ಇಣುಕಿದರು. "ಏನತ್ತೆಮ್ಮ? ಯಾರ್ ಬರ್ಬೇಕಿತ್ತು? ಇವ್ರು ಇಸ್ಕೂಲ್ ಪ್ರೋಗ್ರಾಮ್ಗೆ ಬಂದಿರೋರು."

"ಅವ್ರಲ್ಲ ಕಣೇ. ಅದು. ಬಂದ್ಬುಡ್ತಾ ಅಂದೆ. ತತ್ತಾ ಇಲ್ಲಿ, ಮುಟ್ತೀನಿ."

ಭಾಗ್ಯಮ್ಮ ನಮ್ಮ ಕಡೆ ನೋಡಿ ಸಂಕೋಚದಿಂದ ನಕ್ಕರು. ಸಿದ್ದರಾಜು ಎದ್ದು, ಗಿಟಾರ್ ಹಿಡಿದು ಮಂಚದ ಬಳಿ ಸ್ಟೂಲಿನ ಮೇಲೆ ಕುಳಿತ. ವಯಸ್ಸಾದವರು ಕೇಳಿದ್ದನ್ನು ಅವನು ಎಂದೂ ಇಲ್ಲವೆಂದವನಲ್ಲ. ನಾನು ಬಾಗಿಲ ಬಳಿ ನಿಂತೆ.

ಗೌರಮ್ಮನವರು ಎದ್ದು ಕುಳಿತರು. ಅವರ ಕೈ ಗಾಳಿಯಲ್ಲಿ ತಡವರಿಸಿ, ತಂತಿಯ ಕಡೆಗೆ ಹೋಗದೆ, ಎದೆಹಲಗೆಯ ಕಡೆಗೂ ಹೋಗದೆ, ಗಿಟಾರಿನ ಹಿಂಬದಿಗೆ ಹೋಯಿತು. ಎಡ ಅಂಗೈಯನ್ನು ಬೆನ್ನುಹಲಗೆಯ ಮೇಲೆ ಪೂರ್ತಿಯಾಗಿ ಒತ್ತಿ, "ಊಂ, ಬಾರ್ಸಪ್ಪ," ಎಂದರು.

ಅವನು ಏನೋ ಒಂದು ಸಣ್ಣ ಸಂಚಾರ ನುಡಿಸಿದ. ಬೆರಳು ಅಭ್ಯಾಸಬಲದಿಂದ ಗಾಂಧಾರದ ಮೇಲೆ ಬಿತ್ತು. ಗಾಂಧಾರ ನುಡಿಯಿತು.

ಹೇಗೆ ನುಡಿಯಿತೆಂದು ಬಣ್ಣಿಸಲು ಹೋಗುವುದಿಲ್ಲ. ತುಂಬಿ, ದುಂಡಗೆ, ಕೋಣೆಯ ಮೂಲೆಮೂಲೆಗೆ ತಾಗಿ, ನಾನು ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳುವವರೆಗೂ ನಿಂತಿತು. ಸಿದ್ದರಾಜು ತಲೆಯೆತ್ತಿ ನನ್ನನ್ನು ನೋಡಿದ. ಮತ್ತೆ ಮೀಟಿದ, ಮತ್ತೆ ನುಡಿಯಿತು. ಮುದುಕಿ ಸೆರಗು ಸರಿಮಾಡಿಕೊಳ್ಳಲು ಕೈ ತೆಗೆದರು. ಮೀಟಿದ, ಟಪ್ಪೆಂದು ಸತ್ತಿತು. ಕೈ ಇಟ್ಟರು; ನುಡಿಯಿತು.

ಓದುಗರು ಇಲ್ಲಿ ನನ್ನ ಕಸುಬಿನ ಒಂದು ಮಾತನ್ನು ಕೇಳಬೇಕು. ವಾದ್ಯದ ಬೆನ್ನಿಗೆ ಕೈ ಒತ್ತಿದರೆ ಸಾಮಾನ್ಯವಾಗಿ ನಾದ ಕುಗ್ಗುತ್ತದೆ. ಆದರೆ ಒತ್ತಡದಿಂದ ಮರದ ಸ್ವಭಾವ ತುಸು ಬದಲಾಗಿ ಸತ್ತ ಸ್ವರ ಏಳುವುದೂ ಅಸಾಧ್ಯವಲ್ಲ. ನನ್ನ ತಲೆಗೆ ಮೊದಲು ಹೊಳೆದದ್ದು ಅದೇ. ಹಿಟ್ಟಿನ ಗಿರಣಿಯನ್ನು ಕಂಡುಹಿಡಿದವನಲ್ಲವೇ ನಾನು! ಹಾಗಾಗಿ ಮುಂದೆ ಹೋಗಿ, ಅವರು ಕೈಯಿಟ್ಟ ಜಾಗದಲ್ಲೇ ನನ್ನ ಅಂಗೈ ಇಟ್ಟೆ. ಸ್ವರ ಸತ್ತಿತು. ಮೆಲ್ಲಗೆ ಒತ್ತಿದೆ, ಬಲವಾಗಿ ಒತ್ತಿದೆ, ಬೆರಳು ಮಾತ್ರ ತಾಗಿಸಿದೆ. ಏಳಲಿಲ್ಲ. ಭಾಗ್ಯಮ್ಮನಿಂದ ಕೈ ಇಡಿಸಿದೆ. ಏಳಲಿಲ್ಲ. ಮುದುಕಿಯ ಕೈ ಇಟ್ಟಾಗ ಮತ್ತೆ ಎದ್ದಿತು. ಹತ್ತು ಹನ್ನೆರಡು ಬಾರಿಯಾದರೂ ಹೀಗೆ ಮಾಡಿದೆವು. ಒಮ್ಮೆಯೂ ತಪ್ಪಲಿಲ್ಲ.

"ಸಾಕ್ ಬುಡಿ ಅತ್ಲಾಗೆ. ನನ್ ಕೈನೇನ್ ಎಮ್ಮೆ ಅಂದ್ಕಂಡಿದ್ದೀರಾ, ಕಟ್ಟೋದು ಬಿಚ್ಚೋದು ಮಾಡಕ್ಕೆ?" ಎಂದು ಗೌರಮ್ಮನವರು ನಕ್ಕರು.

ನಾನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. "ತಾಯಿ, ಏನು ಬಂತಾ ಎಂದು ಕೇಳಿದಿರಿ?" ಎಂದೆ.

ಆಗ ಅವರು ಹೇಳಿದರು. ಹದಿನಾರು ಹದಿನೇಳರ ವಯಸ್ಸಿನಲ್ಲಿ ತಮ್ಮ ತಂದೆಯೊಡನೆ ಎತ್ತಿನಗಾಡಿಯಲ್ಲಿ ನಂಜನಗೂಡಿಗೆ ಹೋಗಿದ್ದರಂತೆ. ದೇವರ ದರ್ಶನ ಮುಗಿಸಿ, ಹೊಳೆಯ ಕಡೆಯ ಬೀದಿಯಲ್ಲಿ ಒಬ್ಬ ಆಚಾರ್ರ ಮನೆಯಲ್ಲಿ ತಾಂಬೂಲವಿಟ್ಟು ವೀಣೆ ಕೇಳಿದರಂತೆ.

"ಆ ಆಚಾರ್ರು ನನ್ ಕೈನ ದಾರ್ದಲ್ಲಿ ಅಳುದ್ರು. ಅಳ್ದು ಗಂಟಾಕುದ್ರು. ಒಂದ್ ಅಲ್ಗೆಗೆ ಅರಿಶ್ಣ ಅಚ್ಚುದ್ರು. ಒಂದ್ ಚಿಕ್ ಮಗ ಪಕ್ದಲ್ಲಿ ಕೂತ್ಕಂಡು ಮರದ್ ಒಟ್ಟ ಗುಡ್ಡೆ ಮಾಡ್ತಿತ್ತು. ಊರ್ಗ್ ಬಂದ್ಮೇಲೆ ನಂಗೆ ಗಂಡ್ ಗೊತ್ತಾಗೋಯ್ತು. ಗಂಡಿನ್ ಕಡೆಯೋರು ಅದೆಲ್ಲ ನಮ್ ಮನೇಲಿ ಬ್ಯಾಡ ಅಂದ್ರು. ಯಾರೂ ಮತ್ತೆ ನಂಜನಗೂಡ್ಗೆ ಓಗ್ಲಿಲ್ಲ. ಬ್ಯಾಡ ಅಂತ ಏಳಕ್ಕೂ ಓಗ್ಲಿಲ್ಲ. ಆವಾಗಾವಾಗ ಅನ್ಕಂತಿದ್ದೆ, ಅದು ಅಲ್ಲೇ ಕೂತಿರ್ತದಲ್ಲಾ ಅಂತ."

ಮರದ ಹೊಟ್ಟನ್ನು ಗುಡ್ಡೆಮಾಡುತ್ತಿದ್ದ ಆ ಮಗು ನಾನೇ ಇರಬೇಕು. ತಂದೆಯವರ ಪಕ್ಕದಲ್ಲಿ ಆ ವಯಸ್ಸಿನಲ್ಲಿ ಕೂರುತ್ತಿದ್ದವನು ಇನ್ನಾರೂ ಇಲ್ಲ. ನಾನು ಅವರ ಕಾಲು ಮುಟ್ಟಿ ಎಲ್ಲವನ್ನೂ ಹೇಳಿದೆ: ಅಟ್ಟ, ಹಲಗೆ, ದಾರ, ಗರಗಸ, ಬಚ್ಚಲೊಲೆ. ಕೇಳದೆ ತೆಗೆದುಕೊಂಡದ್ದು ನನ್ನ ತಪ್ಪು ಎಂದೆ. ಹೇಳುವಾಗ ಸಿದ್ದರಾಜುವಿನ ಮುಖ ನೋಡಲಾಗಲಿಲ್ಲ. ಅವನಿಗೂ ನಾನು ಇನ್ನೊಬ್ಬರ ಸೊತ್ತನ್ನು ನನ್ನದೆಂದು ಕೊಟ್ಟಿದ್ದೆನಲ್ಲ.

ಮುದುಕಿ ಗಿಟಾರಿನ ಬೆನ್ನನ್ನು ಉದ್ದಕ್ಕೂ ಒಮ್ಮೆ ನೇವರಿಸಿದರು. ಅನಂತರ ಸೊಸೆಯನ್ನು ಕರೆದು ಎಲೆ ಅಡಿಕೆ, ಒಂದು ತೆಂಗಿನಕಾಯಿ, ಒಂದು ಚಿಟಿಕೆ ಅರಿಶಿನ ತರಿಸಿದರು. ಸಿದ್ದರಾಜುವಿನ ಎರಡು ಕೈಗೆ ತಾಂಬೂಲವಿಟ್ಟು, "ಯಾವೂರಪ್ಪ ನಿಂದು?" ಎಂದರು.

"ದೇವನೂರು ಕಣವ್ವ. ಕೂಲಿಯೋರ್ ಮಕ್ಳು ನಾವು."

"ಆಗ್ಲಿ. ನಂದಲ್ವಾ ಅದು? ನಾನೇ ಕೊಡ್ತಾ ಇವ್ನಿ. ಚೆಂದಾಗಿ ಬಾರ್ಸು. ಕೊಟ್ಮೇಲೆ ನಾನ್ ಕೇಳಕಿಲ್ಲ."

ಹಾಗೆಂದು ಅರಿಶಿನವನ್ನು ಬೆರಳಿನಲ್ಲಿ ಅದ್ದಿ ಗಿಟಾರಿನ ಬೆನ್ನಿನ ಅಂಚಿಗೆ ಸವರಿದರು. ನಾನು ಅಂಚನ್ನು ಕೊಯ್ದಿದ್ದ ಬದಿಗೇ ಸವರಿದರೋ, ಕೈಗೆ ಸಿಕ್ಕ ಕಡೆ ಸವರಿದರೋ, ಹೇಳಲಾರೆ. ಸಿದ್ದರಾಜು ಅವರ ಪಾದಕ್ಕೆ ಹಣೆ ತಾಗಿಸಿದ.

ಆ ಸಂಜೆ ಶಾಲೆಯ ಅಂಗಳದಲ್ಲಿ ಅವನು ಗಾಂಧಾರ ಬೇಡದ ರಾಗಗಳನ್ನೇ ನುಡಿಸಿದ. ಮರುದಿನ ನರಸೀಪುರದಲ್ಲಿ, ಕಪಿಲೆ ಬಂದು ಕಾವೇರಿಯನ್ನು ಕೂಡುವ ಕಡೆ, ಬೆಳಗಿನ ಸ್ನಾನ ಮುಗಿಸಿ ಬಂದು ನಾನು, "ಒಮ್ಮೆ ಮೀಟಿ ನೋಡೋಣವೇ ರಾಜು?" ಎಂದೆ. ಅವನು ತಲೆಯಾಡಿಸಿದ.

"ಬ್ಯಾಡ ಆಚಾರ್ರೇ. ಕೊಟ್ಟೋರ ಮುಂದೆ ತೂಕ ಆಕ್ದಂಗಾಯ್ತದೆ. ಸ್ಟೇಜ್ ಮೇಲೇ ನೋಡವ."

"ಸ್ಟೇಜಿನ ಮೇಲೆ ಬಾರದಿದ್ದರೆ?"

"ಬರ್ದಿದ್ರೆ ನಾವಿಬ್ರೂ ಒಟ್ಗೆ ಮರ್ಯಾದಿ ಕಳ್ಕಳವ. ಒಬ್ನೇ ಯಾಕ್ ಕಳ್ಕಂತೀರಿ?"

ಹಳೆಯ ಗಿಟಾರನ್ನು ಅವನು ಓಮ್ನಿಯಿಂದ ಇಳಿಸಲಿಲ್ಲ. ಸಭೆಯಲ್ಲಿ ಮೈಸೂರಿನವರು ಮುಂದೆ ಕುಳಿತಿದ್ದರು. ನಾನು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕುಳಿತೆ. ಬೇಕಾದರೆ ಎದ್ದುಹೋಗಬಹುದೆಂದು, ಇದನ್ನೂ ಮುಚ್ಚಿಡುವುದಿಲ್ಲ. ಅವನು ಪೀಠಿಕೆಯಿಲ್ಲದೆ ಮೋಹನವನ್ನು ಎತ್ತಿಕೊಂಡ. ಷಡ್ಜ, ರಿಷಭ. ಅಲ್ಲಿ ಒಂದು ಗಳಿಗೆ ನಿಂತ. ನಾನು ನಂಜುಂಡನನ್ನು ನೆನೆದು ಕಣ್ಣು ಮುಚ್ಚಿದೆ.

ಗಾಂಧಾರ ಬಂತು. ಯಾರ ಕೈಯೂ ಬೆನ್ನಿನ ಮೇಲಿರಲಿಲ್ಲ. ಮೂಗೂರಿನ ಕೋಣೆಯಲ್ಲಿ ಬಂದಂತೆಯೇ ಬಂತು, ನಿಂತಿತು. ಅವನು ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದವನಂತೆ ಮತ್ತೆ ಮತ್ತೆ ಅದಕ್ಕೇ ಮರಳುತ್ತಿದ್ದ. ಪಕ್ಕದಲ್ಲಿದ್ದ ಯಾರೋ ಅಪರಿಚಿತರು ನನ್ನ ಭುಜ ಮುಟ್ಟಿ, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಆ ಸ್ವರ ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಸತ್ತಿಲ್ಲ.

ಊರಿಗೆ ಮರಳಿದ ಮೇಲೆ ನನ್ನ ಹಳೆಯ ಸ್ವಭಾವ ಸುಮ್ಮನಿರಲಿಲ್ಲ. ಸಣ್ಣ ಕನ್ನಡಿಯನ್ನು ಗಿಟಾರಿನ ಒಳಗೆ ಬಿಟ್ಟು ನೋಡಿದೆ. ಸ್ವರ ಎಬ್ಬಿಸಲೆಂದು ನಾನು ಅಂಟಿಸಿದ್ದ ಮೇಣ ಬಿಟ್ಟುಹೋಗಿ ಮೂಲೆಯಲ್ಲಿ ಬಿದ್ದಿತ್ತು. ಮೇಣ ಬಿದ್ದದ್ದರಿಂದಲೇ ಸರಿಯಾಯಿತೆಂದು ಒಂದು ದಿನ ಸಂತೋಷಪಟ್ಟೆ. ಆದರೆ ಮೇಣ ಅಂಟಿಸುವ ಮೊದಲೂ ಆ ಸ್ವರ ಸತ್ತೇ ಇತ್ತಲ್ಲ! ನುಡಿಸುತ್ತ ನುಡಿಸುತ್ತ ಮರದ ನಾದ ಬಿಚ್ಚಿಕೊಳ್ಳುತ್ತದೆ ಎನ್ನುವುದುಂಟು; ನಿಜವೇ. ಆದರೆ ಅದು ವರ್ಷಗಳ ಮಾತು, ಒಂದು ಮಧ್ಯಾಹ್ನದ್ದಲ್ಲ. ಮೂರು ಜನರ ಅಂಗೈಗಳಲ್ಲಿ ಒಂದನ್ನು ಮಾತ್ರ ಅದು ಗುರುತು ಹಿಡಿಯುವುದೂ ಅಲ್ಲ.

ಒಂದು ತಿಂಗಳಾದ ಮೇಲೆ ಬಿರಡೆಗಳ ಡಬ್ಬಿಯಲ್ಲಿ ಹಳೆಯ ದಾರ ಸಿಕ್ಕಿತು. ಎರಡು ಗಂಟುಗಳೂ ಹಾಗೆಯೇ ಇದ್ದವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದುಕೊಂಡು, ಒಂದು ಚಿಪ್ಪು ರಸಬಾಳೆ ಹಿಡಿದು ಬಸ್ಸಿನಲ್ಲಿ ಒಬ್ಬನೇ ಮೂಗೂರಿಗೆ ಹೋದೆ. ಗೌರಮ್ಮನವರ ಎಡಗೈಯನ್ನು ಮೆಲ್ಲಗೆ ಅಗಲಿಸಿ ದಾರವನ್ನು ಹಿಡಿದೆ. ಒಂದು ಗಂಟು ಹೆಬ್ಬೆರಳಿಗೆ ಕೂತಿತು. ಇನ್ನೊಂದು ಕಿರುಬೆರಳನ್ನು ದಾಟಿ ಒಂದು ಅಂಗುಲ ಹೊರಗೆ ಉಳಿಯಿತು. ಮತ್ತೆ ಹಿಡಿದೆ; ಅಷ್ಟೇ.

"ಸರೋಯ್ತಾ?" ಎಂದರು.

"ಇಲ್ಲ ತಾಯಿ. ಅಂಗುಲ ಹೆಚ್ಚಿದೆ."

"ಆಗ ನನ್ ಕೈ ನೀವ್ ತಂದಿರೋ ಬಾಳೆಚಿಪ್ಪಿನಂಗಿತ್ತು ಕಣ್ರೀ. ಈಗ್ ಅವ್ರೇಕಾಯಿ ಆಗೋಗದೆ. ನೀವೇನ್ ಅಂಗೇ ಇದ್ದೀರಾ?" ಎಂದು ಅವರು ಸುಕ್ಕುಗಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಬಾಳೆಹಣ್ಣು ಸುಲಿಯಲು ಕೇಳಿದರು. ಸುಲಿದುಕೊಟ್ಟೆ.

ವಯಸ್ಸಾದಂತೆ ಕೈ ಕುಗ್ಗುವುದು ನಿಜ. ಅರವತ್ತು ವರ್ಷದ ದಾರ ಸಡಿಲುವುದೂ ನಿಜ. ಆದರೆ ತಂದೆಯವರು ಅದೇ ಬೀದಿಯ ಅದೇ ಮನೆಯಲ್ಲಿ ಎಷ್ಟೋ ಎಳೆಯರ ಕೈ ಅಳೆದಿದ್ದಾರೆ, ಎಷ್ಟೋ ಮರಗಳಿಗೆ ಅರಿಶಿನ ಹಚ್ಚಿದ್ದಾರೆ. ಗೌರಮ್ಮನವರ ಹಲಗೆ ಬೇರೆ ಯಾವುದೋ ಆಗಿ, ಬೇರೆ ಯಾರಿಗೋ ಹೋಗಿರಬಹುದು. ಹಾಗಿದ್ದರೆ ಅಂದು ಅವರು ಬಿಟ್ಟುಕೊಟ್ಟದ್ದು ತಮ್ಮದಲ್ಲದ್ದನ್ನು. ಆದರೂ ಮರ ಅದನ್ನು ಒಪ್ಪಿಕೊಂಡಿತೇ? ಹಾಗಿಲ್ಲದಿದ್ದರೆ ದಾರವೇಕೆ ಕೂಡಲಿಲ್ಲ? ಶಾಸ್ತ್ರ ಬಲ್ಲವರನ್ನು ಕೇಳಿದ್ದೇನೆ, ಮರ ಬಲ್ಲವರನ್ನೂ ಕೇಳಿದ್ದೇನೆ. ಯಾರ ಉತ್ತರವೂ ನನ್ನ ಮನಸ್ಸಿಗೆ ಪೂರ್ತಿ ಹಿಡಿಸಿಲ್ಲ.

ಗೌರಮ್ಮನವರು ಎರಡು ವರ್ಷದ ಹಿಂದೆ ತೀರಿಕೊಂಡರು. ಸುದ್ದಿ ತಿಳಿದ ದಿನ ಸಿದ್ದರಾಜು ದೂರದೂರಿನಿಂದ ಫೋನು ಮಾಡಿ, ಮಾತಿಗಿಂತ ಮೊದಲು ಗಾಂಧಾರವನ್ನು ಮೀಟಿ ಕೇಳಿಸಿದ. ಅವರೊಡನೆ ಸ್ವರವೂ ಹೋಗಿರಬಹುದೆಂಬ ಭಯ ನನ್ನಂತೆ ಅವನಿಗೂ ಬಂದಿತ್ತೆಂದು ತೋರುತ್ತದೆ. ಸ್ವರ ಎಂದಿನಂತೆಯೇ ಇತ್ತು. ಇನ್ನೊಮ್ಮೆ ಮೀಟು ಎಂದೆ; ಮೀಟಿದ.

ಆ ದಾರವನ್ನು ನಾನು ಎಸೆದಿಲ್ಲ. ಹಲಗೆಯಿದ್ದ ಅಟ್ಟದ ಅದೇ ತೊಲೆಗೆ ಒಂದು ಮೊಳೆ ಹೊಡೆದು ನೇತುಹಾಕಿದ್ದೇನೆ. ಯಾರಾದರೂ ಒಬ್ಬರು ನಮ್ಮ ಬೀದಿಯನ್ನು ಹುಡುಕಿಕೊಂಡು ಬಂದು, ಬಹಳ ಹಿಂದೆ ಇಲ್ಲಿ ನಮ್ಮವರು ಒಂದು ವೀಣೆ ಕೇಳಿದ್ದರು ಎಂದರೆ, ಮೊದಲು ಅವರನ್ನು ಕೂರಿಸಿ, ಎಡಗೈ ಚಾಚಲು ಹೇಳುತ್ತೇನೆ.